ವಾರಂಟ್ ರದ್ದಾಯಿತು, ಚಿಕ್ಕಪ್ಪನಿಗೆ ನಮಸ್ಕಾರ

ಕಳೆದ ಶನಿವಾರ ಲೋಕ ಅದಾಲತ್‌ನಲ್ಲಿ ನನ್ನ ಚೆಕ್ ಬೌನ್ಸ್ ಪ್ರಕರಣ ರಾಜಿಯಲ್ಲಿ ಮುಗಿಯಿತು. ನಾನು ಸಹಿ ಹಾಕಿದ ಚೆಕ್ ಬೌನ್ಸ್ ಆಗಿ ಕೋರ್ಟಿನಿಂದ ಸಮನ್ಸ್ ಹೊರಟಾಗ ನಾನು ಮನೆ ಬದಲಾಯಿಸಿದ್ದೆ; ಅದು ಬೇರೆ ಯಾರದೋ ಬಾಗಿಲಿಗೆ ಹೋಯಿತು, ನಾನು ಹಾಜರಾಗದ್ದರಿಂದ ವಾರಂಟ್ ಹೊರಟಿತು.

ಪಾಸ್‌ಪೋರ್ಟ್ ಪರಿಶೀಲನೆಯ ವೇಳೆ ನನ್ನ ಹೆಸರಿನಲ್ಲಿ 2013ರ ಜಾಮೀನುರಹಿತ ಬಂಧನ ವಾರಂಟ್ ಬಾಕಿಯಿದೆ ಎಂದು ತಿಳಿದಾಗ, ಇಷ್ಟು ವರ್ಷವಾದ ಮೇಲೆ ಅದು ತಾನಾಗಿಯೇ ಬಿದ್ದುಹೋಗಿರಬೇಕು ಎಂದು ನಾನು ವಾದಿಸಿದ್ದೆ. ಜಾರಿಯಾಗುವವರೆಗೆ ಅಥವಾ ಹೊರಡಿಸಿದ ನ್ಯಾಯಾಲಯವೇ ರದ್ದುಪಡಿಸುವವರೆಗೆ ವಾರಂಟ್ ಊರ್ಜಿತದಲ್ಲಿರುತ್ತದೆ ಎಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಮಿನಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮಿನಲ್ಲೂ ಇದೆ. ಇದನ್ನು ಬೈಯದೆ ತಿಳಿಹೇಳಿದ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ಶುಲ್ಕವಿಲ್ಲದೆ ದೊರೆತ ವಕೀಲೆಗೆ (ಈ ನೆರವಿಗೆ ಹೆಂಗಸರಿಗೆ ಆದಾಯದ ಮಿತಿಯಿಲ್ಲ ಎಂಬುದೂ ನನಗೆ ಆಗಲೇ ಗೊತ್ತಾದದ್ದು), ಕೇಳಿದಾಗಲೆಲ್ಲ ರಜೆ ಕೊಟ್ಟ ಮುಖ್ಯೋಪಾಧ್ಯಾಯಿನಿಗೆ, ಮಗಳನ್ನು ನೋಡಿಕೊಂಡ ಪಕ್ಕದ ಮನೆಯವರಿಗೆ ನಾನು ಋಣಿ.

ಉಳಿದದ್ದೆಲ್ಲ ಚಿಕ್ಕಪ್ಪನಿಗೆ ಸಲ್ಲಬೇಕು. ಜಮೀನು ಪಾಲಾದ ದಿನದಿಂದ ನಮ್ಮ ಹೊಸ್ತಿಲು ತುಳಿಯದಿದ್ದ ಅವರು, ನನಗೆ ಜಾಮೀನುದಾರರು ಬೇಕಾಗಿದ್ದಾರೆಂದು ಯಾರಿಂದಲೋ ಕೇಳಿ, ಪಹಣಿ ತೆಗೆಸಿಟ್ಟುಕೊಂಡು ತಾವಾಗಿಯೇ ಫೋನ್ ಮಾಡಿದರು. ಯಾವ ಹೊಲಕ್ಕಾಗಿ ಮಾತು ಬಿಟ್ಟಿದ್ದರೋ ಅದೇ ಹೊಲದ ಪಹಣಿ ಅದು.

ವಾರಂಟ್ ರದ್ದು ಮಾಡಿಸಲು ಕೋರ್ಟಿಗೆ ಹಾಜರಾಗುವ ಹಿಂದಿನ ರಾತ್ರಿ ದಾವಣಗೆರೆಯ ಅವರ ಮನೆಯಲ್ಲಿದ್ದೆ. ಸೂರ್ಯಾಸ್ತದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ, ಅಸಾಧಾರಣ ಸಂದರ್ಭವಿದ್ದರೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬರಬೇಕು ಎಂದು ವಕೀಲೆ ಹೇಳಿದ್ದರು. ಆದರೂ ಬೀದಿಯಲ್ಲಿ ಬೈಕ್ ನಿಂತ ಸದ್ದಾದಾಗಲೆಲ್ಲ ನಾನು ಎದ್ದು ಕೂರುತ್ತಿದ್ದೆ. ಚಿಕ್ಕಪ್ಪ ಮಲಗಲೇ ಇಲ್ಲ. ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ಎರಡು ಗಂಟೆಯ ಸುಮಾರಿಗೆ, "ಓಡಿಹೋಗಬೇಕು ಅನ್ನಿಸ್ತದೇನವ್ವ?" ಎಂದು ಕೇಳಿದರು. ಹೂಂ ಎಂದೆ. ಅಷ್ಟು ದಿನ ಯಾರ ಮುಂದೆಯೂ ಅಳದವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಎದ್ದುಹೋಗಿ ನನ್ನ ಚಪ್ಪಲಿಯನ್ನು ತಮ್ಮ ಚಪ್ಪಲಿಯ ಪಕ್ಕದಲ್ಲಿ ಜೋಡಿಸಿಟ್ಟು ಬಂದು, ಮತ್ತೆ ಅಡಕತ್ತರಿ ಕೈಗೆತ್ತಿಕೊಂಡರು.

ಮರುದಿನ ನನ್ನ ಹೆಸರು ಕೂಗಿದರು. ನ್ಯಾಯಾಧೀಶರು ದಂಡ ಕಟ್ಟಲು ಹೇಳಿ ವಾರಂಟ್ ಹಿಂಪಡೆಯುವ ಅರ್ಜಿಯನ್ನು ಒಪ್ಪಿದರು. ಆರೋಪಿ ನಿಮಗೇನಾಗಬೇಕು ಎಂದು ಜಾಮೀನುದಾರರನ್ನು ಕೇಳಿದಾಗ ಚಿಕ್ಕಪ್ಪ, "ಅಣ್ಣನ ಮಗಳು, ಸ್ವಾಮಿ" ಎಂದರು. ಅವರ ಬಾಯಲ್ಲಿ ಅಣ್ಣ ಎಂಬ ಮಾತು ಕೇಳಿ ಎಷ್ಟೋ ವರ್ಷವಾಗಿತ್ತು.

ರದ್ದತಿ ಆದೇಶದ ಒಂದು ಪ್ರತಿಯನ್ನು ಠಾಣೆಗೆ ಕೊಟ್ಟಿದ್ದೇನೆ. ವಕೀಲೆ ಹೇಳಿದಂತೆ ಇನ್ನೊಂದು ಸದಾ ನನ್ನ ಬ್ಯಾಗಿನಲ್ಲಿರುತ್ತದೆ. ಬಸ್ ಚಾರ್ಜ್ ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡ ಚಿಕ್ಕಪ್ಪ, ಜಾಮೀನು ಪತ್ರಕ್ಕೆಂದು ಫೋಟೊ ತೆಗೆಸಿದ ಅರವತ್ತು ರೂಪಾಯಿಯನ್ನು ಮಾತ್ರ ಕೇಳಿ ಪಡೆದರು.