ಪುಟ್ಟಿ, ಮೊದ್ಲು ಕೈ ವಿಷ್ಯ ಹೇಳೋಕೆ ಹೇಳು

ಪುಟ್ಟಿ,

ನಿನ್ ರೂಮ್‌ಮೇಟ್ ಅಮ್ಮಂಗೂ ಎದೇಲಿ ಗಂಟು ಅಂತೆ, ಏನ್ ಹೇಳ್ಲಿ ಅಂತ ನಿನ್ನೆ ಕೇಳ್ದಲ್ಲ, ಆಗ ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ರು ಕಣೇ, ಅದಕ್ಕೆ ಫೋನ್ ಇಟ್ಬಿಟ್ಟೆ. ಈಗ ಬರೀತಿದೀನಿ.

ನಂಗೆ ಎದೆ ಕ್ಯಾನ್ಸರ್ ಅಂದಾಗ, ಎದೆ ಪೂರ್ತಿ ತೆಗೆಸ್ಬಿಡಮ್ಮ ಅಂತ ಅವತ್ತು ನೀನು ಅತ್ತಿದ್ದೆ. ಗಂಟು ಮಾತ್ರ ತೆಗ್ದು ರೇಡಿಯೇಷನ್ ಕೊಟ್ರೂ ನಿಮ್ ಕೇಸಲ್ಲಿ ಆಯಸ್ಸು ಕಮ್ಮಿಯಾಗಲ್ಲ ಅಂದ್ರು ಡಾಕ್ಟ್ರು, ಬೇಗ ಡ್ಯೂಟಿಗೆ ಹೋಗ್ಬೋದು ಅಂತ ನಾನು ಹೂಂ ಅಂದೆ. ರೇಡಿಯೇಷನ್ 15 ದಿನ, ಒಳಗೆ ಹೋದ್ರೆ ಹತ್ತು ನಿಮಿಷ, ಆದ್ರೆ ಬಸ್ಸು ಕ್ಯೂ ಅಂತ ದಿನ ಪೂರ್ತಿ ಅಲ್ಲೇ. ಕಂಕುಳಲ್ಲಿ ಬಣ್ಣ ಹಾಕಿ, ಅಲ್ಲಿರೋ ಸಣ್ಣ ಗ್ರಂಥಿಗಳಲ್ಲಿ ಒಂದೆರಡು ಮಾತ್ರ ತೆಗ್ದು ಟೆಸ್ಟ್ ಮಾಡಿದ್ರು, ಅದ್ರಲ್ಲಿ ಕ್ಯಾನ್ಸರ್ ಇರ್ಲಿಲ್ಲ, ಉಳಿದಿದ್ದು ಮುಟ್ಲಿಲ್ಲ. ಕ್ಯೂನಲ್ಲಿ ಸಿಕ್ತಿದ್ದ ಒಬ್ಬಕ್ಕಂಗೆ ಕಂಕುಳಿನ ಗ್ರಂಥಿ ಎಲ್ಲಾ ತೆಗ್ದಿದ್ರು, ಅದಕ್ಕೇ ಬಲಗೈ ಊದಿ ರವಿಕೆ ತೋಳು ಹಿಡೀತಿರ್ಲಿಲ್ಲ, ಪಾಪ ಹೂ ಕಟ್ಟೋರು ಅವ್ರು.

ನಂಗೆ ಹೊಡೆತ ಬಿದ್ದಿದ್ದು ಕೀಮೋದಲ್ಲಿ. ಪ್ಯಾಕ್ಲಿಟ್ಯಾಕ್ಸೆಲ್ ಅಂತ, ವಾರವಾರ 12 ಸಲ. ಐದ್ನೇದಕ್ಕೇ ಬೆರಳ ತುದಿ ಜೋಮು, ಹೇಳಿದ್ರೆ ಔಷಧಿ ನಿಲ್ಲಿಸ್ಬಿಡ್ತಾರೇನೋ ಅಂತ ಬಾಯ್ ಬಿಡ್ಲಿಲ್ಲ. ಮೊದ್ಲೇ ಹೇಳಿದ್ರೆ ಡೋಸ್ ಕಮ್ಮಿ ಮಾಡ್ಬೋದಿತ್ತಂತೆ, ಆಮೇಲೆ ಬೈದ್ರು. ಮತ್ತೆ ಮಿಷನ್ ಮುಂದೆ ಕೂತ ಮೊದಲ್ನೇ ವಾರ, ಬಿಳಿ ಶರ್ಟು, ಕಾಲರ್ ಹೊಲೀತಿದೀನಿ, ಬಟ್ಟೆ ಅಂಚು ಎಲ್ಲಿದೆ ಅಂತ್ಲೇ ಬೆರಳಿಗೆ ಗೊತ್ತಾಗ್ತಿಲ್ಲ. ಕಾಲರ್ ಮೇಲೆ ಕೆಂಪು ಚುಕ್ಕೆ ಕಂಡ್ಮೇಲೇ ಸೂಜಿ ನನ್ ಬೆರಳಿಗೆ ಹೋಗಿದೆ ಅಂತ ಗೊತ್ತಾಗಿದ್ದು! ಅವತ್ತಿಂದ ಚೆಕಿಂಗಲ್ಲಿ ನಿಲ್ಸಿದಾರೆ. ಹದಿನಾಲ್ಕು ವರ್ಷ ಟೈಲರ್ ಆಗಿದ್ದೋಳು ಕಣೇ ನಾನು. ಅಷ್ಟು ಸಲ ಆಸ್ಪತ್ರೆಗೆ ಹೋದ್ನಲ್ಲ, ಏನ್ ಕೆಲಸ ಮಾಡ್ತೀರಮ್ಮ ಅಂತ ಒಬ್ರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಅವ್ರಮ್ಮ ಕೈಯಲ್ಲಿ ಏನ್ ಮಾಡ್ತಾರೋ ಅದನ್ನ ಮೊದಲ್ನೇ ದಿನವೇ ಡಾಕ್ಟ್ರಿಗೆ ಹೇಳ್ಲಿ, ಜೋಮು ಶುರುವಾದ ದಿನವೇ ಹೇಳ್ಲಿ.

ಅವ್ರಮ್ಮಂಗೆ ಇಎಸ್‌ಐ, ಅಂದ್ರೆ ಕೆಲಸದೋರ ವಿಮೆ, ಇದ್ರೆ ರಾಜೀನಾಮೆ ಮಾತ್ರ ಬರ್ಕೊಡೋದ್ ಬೇಡ. ಕಾಯಿಲೆ ರಜೆಲಿದ್ರೆ ಮೊದಲ 91 ದಿನ 70% ಸಂಬಳ, ಕ್ಯಾನ್ಸರ್ ಅಂದ್ರೆ ಆಮೇಲೆ 80%, ಎರಡು ವರ್ಷದವರೆಗೂ. ಆ 80% ಸಿಗೋಕೆ ಮೊದ್ಲೇ ಎರಡು ವರ್ಷ ಕೆಲಸ ಮಾಡಿರ್ಬೇಕು. ನಮ್ ಆಫೀಸಲ್ಲಿ ಯಾರೂ ಹೇಳ್ಲಿಲ್ಲ, ಡಿಸ್ಪೆನ್ಸರಿ ಸಿಸ್ಟರ್ ಹೇಳಿದ್ದು.

ಹಬ್ಬಕ್ಕೆ ಬರ್ತಾ ಸೂಜಿಗೆ ದಾರ ಪೋಣಿಸೋ ಆ ಪುಟಾಣಿ ತಗಡು ಇರತ್ತಲ್ಲ, ಎರಡು ತಗೊಂಡ್ ಬಾ. ನಿನ್ ರವಿಕೆ ತೋಳು ಬಿಚ್ಚಿ ಹಂಗೇ ಇಟ್ಟಿದೀನಿ.

ಅಮ್ಮ