ಮಾಂಗಾ ಸಂಪುಟಗಳು ಬಂದಿರುವ ಬಗ್ಗೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಜಪಾನಿ ಮಾಂಗಾಗಳ (ಚಿತ್ರಕಥೆಗಳ) ಇಂಗ್ಲಿಷ್ ಅನುವಾದದ ಹೊಸ ಸಂಪುಟಗಳು ನಿನ್ನೆ ಸಂಜೆ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಪುಸ್ತಕದಂಗಡಿಗೆ ಬಂದಿದ್ದು, ಎರಡನೆಯ ಪೆಟ್ಟಿಗೆಯನ್ನು ಇನ್ನೂ ಬಿಚ್ಚಿಲ್ಲವೆಂದು ಮಾಲೀಕರು ತಿಳಿಸಿದ್ದಾರೆ. 1997ರಲ್ಲಿ ಆರಂಭವಾಗಿ ನೂರು ಸಂಪುಟಗಳನ್ನೂ ದಾಟಿರುವ ‘ಒನ್ ಪೀಸ್’ನ ಮೊದಲ ಕೆಲವು ಸಂಪುಟಗಳು ಅಲ್ಲಿವೆಯಾದರೂ, ಹೊಸದಾಗಿ ಓದುವವರು 12 ಸಂಪುಟಗಳಲ್ಲಿ ಮುಗಿಯುವ ‘ಡೆತ್ ನೋಟ್’ನಿಂದ ತೊಡಗುವುದು ಜೇಬಿಗೂ ಕಪಾಟಿಗೂ ಹಿತವೆಂದು ನನ್ನ ಅನಿಸಿಕೆ.

ಇವುಗಳನ್ನು ಜಪಾನಿ ಮೂಲದಂತೆಯೇ ಬಲದಿಂದ ಎಡಕ್ಕೆ ಓದಬೇಕು. ನಮ್ಮ ಲೆಕ್ಕದ ಕೊನೆಯ ಪುಟವೇ ಇಲ್ಲಿ ಮೊದಲನೆಯದು. ಪ್ರತಿ ಪುಟದಲ್ಲೂ ಬಲಗಡೆಯ ಮೇಲಿನ ಚೌಕದಿಂದ ಆರಂಭಿಸತಕ್ಕದ್ದು. (ಕಳೆದ ಸಲ ಸದಸ್ಯರೊಬ್ಬರು ಇದನ್ನು ಮುದ್ರಣದೋಷವೆಂದು ತಿಳಿದು, ಪ್ರತಿಯನ್ನು ಹಿಂದಿರುಗಿಸಲು ಮಳೆಯಲ್ಲೇ ಅಂಗಡಿಗೆ ಹೋಗಿದ್ದರು.)

ನಮ್ಮ ಮಲೆನಾಡಿನ ಥಂಡಿಗೆ ಈ ಒರಟು ಕಾಗದ ಬೇಗನೆ ಬೂಷ್ಟು ಹಿಡಿಯುವುದರಿಂದ, ಕೊಂಡವರು ಗೋಡೆಗೆ ತಾಗಿಸಿ ಇಡಬಾರದಾಗಿ ವಿನಂತಿ. ಸಾಗರ, ತೀರ್ಥಹಳ್ಳಿ ಕಡೆಯ ಸದಸ್ಯರು ತಮಗೆ ಬೇಕಾದ ಸಂಪುಟದ ಸಂಖ್ಯೆಯನ್ನು ಶನಿವಾರದೊಳಗೆ ಇಲ್ಲಿಯೇ ಬರೆದರೆ, ಪ್ರತಿಯನ್ನು ತೆಗೆದಿರಿಸುವಂತೆ ಅಂಗಡಿಯವರಿಗೆ ಹೇಳುತ್ತೇನೆ.