ಕಾರಿನ ಒಳಹೊದಿಕೆಗೆ ಯಾವ ಅಂಟು?

ಮಾನ್ಯ ಸಂಪಾದಕರೇ,

ಮುಲುಂಡಿನ ನಮ್ಮ ಸೊಸೈಟಿಯಲ್ಲಿ ನೆರಳಿನ ಜಾಗ ಸಿಗದ ಕಾರಣ ನನ್ನ ಹಳೆಯ ಕಾರು ವರ್ಷವಿಡೀ ಬಿಸಿಲು ಮಳೆಗಳಲ್ಲೇ ನಿಂತಿರುತ್ತದೆ. ಈ ಬೇಸಿಗೆಯಲ್ಲಿ ಬಾಗಿಲಿನ ಒಳಬದಿಯ ರೆಕ್ಸಿನ್ ಬಿಟ್ಟುಕೊಂಡಾಗ, ಕುರ್ಲಾದ ಅಂಗಡಿಯೊಂದರಲ್ಲಿ ಸೂಪರ್ ಗ್ಲೂ ಹಾಕಿಕೊಟ್ಟರು. ವಾರದೊಳಗೆ ಅದು ಕಿತ್ತುಬಂದದ್ದಲ್ಲದೆ, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ವಿಭೂತಿ ಬಳಿದಂತೆ ಬಿಳಿಯ ಕಲೆ ಉಳಿಯಿತು.

ಸೂಪರ್ ಗ್ಲೂ ಒಣಗಿದ ಮೇಲೆ ಗಡುಸಾಗುವುದರಿಂದ, ಬಾಗುವ ಮತ್ತು ಅದುರುವ ಭಾಗಗಳಿಗೆ ಒಗ್ಗುವುದಿಲ್ಲ. ರೆಕ್ಸಿನ್, ಬಟ್ಟೆಗಳಿಗೆ ಬೇಕಾದದ್ದು ರಬ್ಬರ್ ಮೂಲದ ಕಾಂಟ್ಯಾಕ್ಟ್ ಅಂಟು. ಬಿಸಿಲಿನಲ್ಲಿ ಮುಚ್ಚಿಟ್ಟ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದಾದ್ದರಿಂದ, ಅದಕ್ಕಿಂತ ಹೆಚ್ಚಿನ ಶಾಖ ತಡೆಯುವುದೆಂದು ಡಬ್ಬಿಯ ಮೇಲೆ ನಮೂದಿಸಿರುವುದನ್ನೇ ಕೊಳ್ಳಬೇಕು. ಎರಡೂ ಮೈಗಳಿಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. (ಹಸಿಯಿರುವಾಗಲೇ ಒತ್ತಿಬಿಡುವ ಅವಸರ ನನಗೂ ಇತ್ತು.)

ಚಾವಣಿಯ ಬಟ್ಟೆ ಜೋತುಬಿದ್ದರೆ ಮಾತು ಬೇರೆ. ಅಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಬಟ್ಟೆಯ ಬೆನ್ನಿಗಿರುವ ಫೋಮ್. ಮುಟ್ಟಿದರೆ ಪುಡಿಪುಡಿಯಾಗಿ ಉದುರುವ ಅದನ್ನು ಪೂರ್ತಿ ಉಜ್ಜಿ ತೆಗೆಯದೆ ಎಂಥ ಅಂಟು ಹಾಕಿದರೂ ಧೂಳಿಗೆ ಅಂಟಿಸಿದಂತೆಯೇ. ಹಿಂಬದಿಯಲ್ಲಿ ‘ಪಿಪಿ’ ಎಂಬ ಅಚ್ಚಿರುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ತುಂಡುಗಳಿಗೆ, ಅಂಟಿಗೆ ಮುನ್ನ ಹಚ್ಚುವ ತಕ್ಕ ಪ್ರೈಮರ್ ಬಳಿಯದಿದ್ದರೆ ಸಾಮಾನ್ಯ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಏರ್‌ಬ್ಯಾಗ್ ಅಡಗಿರುವ ಕಂಬದ (ಕಾರಿನ ಗಾಜುಗಳ ಪಕ್ಕದಲ್ಲಿ ಚಾವಣಿಯನ್ನು ಹೊತ್ತಿರುವ ಕಂಬ) ಒಳಹೊದಿಕೆಯ ಪಟ್ಟಿಗೆ ಮಾತ್ರ ಅಂಟು ಮುಟ್ಟಿಸಲೇಬಾರದು. ಅದು ಸಡಿಲವಾಗಿದ್ದರೆ ಮುರಿದ ಕ್ಲಿಪ್ಪನ್ನು ಬದಲಾಯಿಸಬೇಕು. ಇಂಥ ಪಟ್ಟಿಗೂ ಅಂಟು ಬಳಿಯಲು ಮುಂದಾಗುವ ಅಂಗಡಿಯವರನ್ನು ಗ್ರಾಹಕರು ಅಲ್ಲೇ ತಡೆಯಬೇಕೆಂದು ನನ್ನ ವಿನಂತಿ.

– ಓದುಗ, ಮುಲುಂಡ್, ಮುಂಬಯಿ